ದೇವಯ್ಯಸ್ವಾಮಿ ರಿಟೈರಾದದ್ದು

“ಮುದ್ದೆನ ಚಮ್ಚದಲ್ಲಿ ಕುಯ್ಕೊಂಡು ತಿನ್ನೋರು ಮುದ್ದೆ ವಿಸ್ಯ ಮಾತಾಡ್ಬಾರ್ದು ಸಾ. ನಿಮ್ಮ ಪಾಡಿಗೆ ನೀವು ಬ್ರೆಡ್ಡು ತಿನ್ಕೊಂಡು ಆಫೀಸಲ್ಲಿ ಕೂತ್ಕಳಿ.”

“ಮರ್ಯಾದೆ ಕೊಟ್ಟು ಮಾತಾಡಿ ದೇವಯ್ಯ. ನಾನು ಕೇಳ್ತಿರೋದು ತೂಕದ ವಿಚಾರ. ಈ ಮುದ್ದೆಗಿಂತ ಅದು ದಪ್ಪ ಇದೆ. ಅದಕ್ಕಿಂತ ಆ ಕಡೇದು ದಪ್ಪ. ಯಾಕೆ?”

“ಯಾಕೆ ಅಂದ್ರೆ ಕಟ್ಟಿದ್ದು ಕೈ, ತಕ್ಕಡಿ ಅಲ್ಲ. ಮಿಷಿನ್ ತುಳಿಯೋ ಎಣ್ಮಕ್ಳಲ್ಲಿ ಒಬ್ಬಳು ಬಡಕ್ಲು ಇರ್ತಾಳೆ, ಒಬ್ಬಳು ಬಸುರಿ ಇರ್ತಾಳೆ. ಎಲ್ಲಾರ್ಗೂ ಒಂದೇ ತೂಕ ಆಕಕ್ಕೆ ಇದೇನ್ ಗೊಬ್ಬರದ ಚೀಲವಾ?”

“ಅದೂ ಅಲ್ಲದೆ ಕೈಯಲ್ಲಿ ಕಟ್ಟೋದು ಕ್ಲೀನ್ ಅಲ್ಲ.”

ಆ ಒಂದು ಮಾತು ಹೆಚ್ಚಾಯಿತು. ದೇವಯ್ಯ ಮುದ್ದೆ ಕೋಲನ್ನು ಕೊಪ್ಪರಿಗೆಯ ಅಂಚಿಗೆ ಕುಕ್ಕಿದ.

“ಈ ಕೈಲಿ ತಿಂದು ಯಾರು ಸತ್ತವ್ರೆ ಯೋಳಿ ಸಾ. ಒಬ್ಬರ ಎಸ್ರು ಯೋಳಿ ಸಾಕು. ನಿಮ್ಮ ಕ್ಯಾಂಟೀನು ನಿಮ್ಗೇ ಇರ್ಲಿ. ನಾನು ಓಯ್ತೀನಿ.”

ಸೊಂಟದ ಟವೆಲ್ಲು ಕಿತ್ತು ಹೆಗಲಿಗೆ ಹಾಕಿಕೊಂಡು, ಕುದಿಯುವ ಸಾರನ್ನು ಕುದಿಯುವ ಹಾಗೆಯೇ ಬಿಟ್ಟು, ಅಡುಗೆಮನೆಯಿಂದ ಹೊರಗೆ ನಡೆದೇಬಿಟ್ಟ.

ಹಾಸನದ ಇಂಡಸ್ಟ್ರಿಯಲ್ ಏರಿಯಾದ ಆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಇದೇನೂ ಹೊಸದಲ್ಲ. ದೇವಯ್ಯ ಅಲ್ಲಿನ ಕ್ಯಾಂಟೀನಿನ ಹಿರಿಯ ಅಡುಗೆಯವನು, ಫ್ಯಾಕ್ಟರಿ ಬಾಗಿಲು ತೆರೆದಾಗಿನಿಂದ ಇದ್ದವನು. ಅವನ ಮುದ್ದೆಯಲ್ಲಿ ಸಾಸಿವೆಯಷ್ಟು ಗಂಟು ಸಿಕ್ಕಿದ್ದನ್ನು ಕಂಡವರಿಲ್ಲ. ಅವನ ಬಾಯಲ್ಲಿ ಒಂದು ಸಿಹಿ ಮಾತು ಕೇಳಿದವರೂ ಇಲ್ಲ. ಇಂಗು ಸರಿಯಿಲ್ಲವೆಂದು ಒಮ್ಮೆ ಬಿಟ್ಟುಹೋಗಿದ್ದ. ಗ್ಯಾಸ್ ಸಿಲಿಂಡರು ತಡವಾಯಿತೆಂದು ಒಮ್ಮೆ ಬಿಟ್ಟುಹೋಗಿದ್ದ. ಯಾರೋ ಇನ್ಸ್‌ಪೆಕ್ಟರು ಬಂದು ಅವನ ತಲೆಗೆ ಪ್ಲಾಸ್ಟಿಕ್ ಟೋಪಿ ತೊಡಿಸಲು ನೋಡಿದ್ದಕ್ಕೆ ಇನ್ನೊಮ್ಮೆ. ಬಿಟ್ಟುಹೋದವನು ಮೊಸಳೆ ಎಂಬ ಊರಿನ ತನ್ನ ಮನೆಗೆ ಹೋಗಿ ಹೊದ್ದು ಮಲಗುತ್ತಿದ್ದ. ಬೆಳಗಾದರೆ ಮೊದಲ ಬಸ್ಸಿಗೆ ಹಾಸನಕ್ಕೆ ಬಂದು ಒಲೆಯ ಮೇಲೆ ಎಸರಿಡುತ್ತಿದ್ದ. ಯಾಕೆ ಹೋದೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾಕೆ ಬಂದೆ ಎಂದೂ ಕೇಳುತ್ತಿರಲಿಲ್ಲ. ಇದನ್ನು ರಾಜೀನಾಮೆ ಎನ್ನಬೇಕೋ ಅರ್ಧ ದಿನದ ರಜೆ ಎನ್ನಬೇಕೋ ಫ್ಯಾಕ್ಟರಿಗೇ ಗೊತ್ತಿರಲಿಲ್ಲ.

ಅದಕ್ಕೇ ಜೊತೆಗೆ ಅಡುಗೆ ಮಾಡುವ ಭಾಗ್ಯಲಕ್ಷ್ಮಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ ಕೂಗಿ ಹೇಳಿದಳು: “ದೇವಣ್ಣ, ಬೆಳಿಗ್ಗೆ ಬರಾವಾಗ ಸಂತೆಪೇಟೆಲಿ ಒಂದು ಕಟ್ಟು ಕೊತ್ತಂಬರಿ ತತ್ತಾ.”

ಆದರೆ ಮ್ಯಾನೇಜರ್ ಶಶಿಕಿರಣ್ ಹೊಸಬ. ಹಾಸನದಲ್ಲೇ ಹುಟ್ಟಿ ಬೆಳೆದವನಾದರೂ ಅವನಿಗೆ ಮುದ್ದೆ ನುಂಗಲು ಬಾರದು. ಚಮಚದಲ್ಲಿ ತುಂಡು ಮಾಡಿ ಜಗಿದು ತಿನ್ನುತ್ತಾನೆ. ಮುದ್ದೆ ಜಗಿಯುವವನನ್ನು ನಮ್ಮ ಜಿಲ್ಲೆಯ ಜನ ಯಾವ ಕಣ್ಣಿಂದ ನೋಡುತ್ತಾರೋ ದೇವಯ್ಯನೂ ಅವನನ್ನು ಅದೇ ಕಣ್ಣಿಂದ ನೋಡುತ್ತಿದ್ದ. ದೇವಯ್ಯ ಹೋಗಿ ಬರುವ ಪದ್ಧತಿ ಗೊತ್ತಿಲ್ಲದ ಶಶಿಕಿರಣ್, ಬಾಗಿಲಲ್ಲಿ ನಿಂತಿದ್ದ ಧನ್ಯಾಳಿಗೆ, “ಕೆಲಸ ಬಿಟ್ಟರು ಅಂತ ಬರ್ಕೊಳ್ಳಿ,” ಎಂದ.

ಧನ್ಯಾ ಚನ್ನರಾಯಪಟ್ಟಣದ ಹುಡುಗಿ. ಫ್ಯಾಕ್ಟರಿಯವರ ಸಂಬಳ, ರಜೆ, ಇ.ಎಸ್.ಐ. ಕಾರ್ಡು ಎಲ್ಲ ನೋಡಿಕೊಳ್ಳುವವಳು. ಅವಳು ಬರೆದುಕೊಳ್ಳಲಿಲ್ಲ. ಚಪ್ಪಲಿ ಪಟಪಟ ಎನ್ನಿಸುತ್ತ ಗೇಟಿಗೆ ಓಡಿದಳು.

“ಅಂಕಲ್, ಒಂದು ನಿಮಿಷ. ಗೇಟು ದಾಟಬೇಡಿ.”

ದೇವಯ್ಯನ ಒಂದು ಕಾಲು ಆಗಲೇ ಆಚೆಗಿತ್ತು.

“ತಡೀಬ್ಯಾಡ ಕೂಸು. ನಾನು ವಾಪಸ್ ಬರಾಕಿಲ್ಲ.”

“ಈ ತಿಂಗಳ ಕೊನೆಗೆ ನೀವು ರಿಟೈರಾಗ್ತೀರ. ಗೊತ್ತು ತಾನೆ?”

“ಅದಕ್ಕೇನೀಗ? ಆಗ ಆಗೋದು ಈಗ್ಲೇ ಆಗೋಗ್ಲಿ.”

“ಎರಡೂ ಒಂದೇ ಅಲ್ಲ ಅಂಕಲ್. ವಯಸ್ಸಾಗಿ ರಿಟೈರಾದ್ರೆ, ವರ್ಷಕ್ಕೊಂದ್ಸಲ ಇ.ಎಸ್.ಐ.ಗೆ ಒಂದು ಸಿನಿಮಾ ಟಿಕೆಟ್ಟಿನಷ್ಟು ಕಟ್ಟಿದ್ರೆ ಸಾಕು, ನಿಮಗೂ ಆಂಟಿಗೂ ಕಾರ್ಡು ಹಾಗೇ ನಡೀತದೆ. ಈಗ ಬಿಟ್ಟುಹೋದ್ರೆ ಅದು ರಾಜೀನಾಮೆ. ಕೆಲವು ತಿಂಗಳು ಕಾರ್ಡು ಎಳೀತದೆ, ಆಮೇಲೆ ನಿಂತೋಗ್ತದೆ. ಸರ್ ಬರ್ಕೊಳ್ಳಿ ಅಂದಿದ್ದಾರೆ. ನಾನಿನ್ನೂ ಬರೆದಿಲ್ಲ.”

“ನಂಜಿ ಸೂಜಿ?”

“ಆಂಟಿ ಇನ್ಸುಲಿನ್ನೂ ಅದರಲ್ಲೇ ಅಲ್ವಾ ಬರೋದು.”

ದೇವಯ್ಯ ನಿಂತ. ಒಂದು ಕಾಲು ರಸ್ತೆಯಲ್ಲಿ, ಒಂದು ಕಾಲು ಫ್ಯಾಕ್ಟರಿಯಲ್ಲಿ.

ಹೆಂಡತಿ ನಂಜಮ್ಮನಿಗೆ ಸಕ್ಕರೆ ಕಾಯಿಲೆ ಹಿಡಿದು ವರ್ಷಗಳಾಗಿದ್ದವು. ಬೆಳಿಗ್ಗೆ ಸಂಜೆ ಹೊಟ್ಟೆಗೆ ಸೂಜಿ. ಆ ಔಷಧಿ, ಕಣ್ಣಿನ ಡಾಕ್ಟರು, ಕಾಲಿನ ಡಾಕ್ಟರು ಎಲ್ಲವೂ ಗಂಡನ ಇ.ಎಸ್.ಐ. ಕಾರ್ಡಿನ ಮೇಲೆಯೇ ನಡೆಯುತ್ತಿದ್ದವು. ಒಂದು ಕಣ್ಣಿನ ಪೊರೆ ತೆಗೆದಾಗಿತ್ತು, ಇನ್ನೊಂದು ಕಣ್ಣು ಬೇಸಿಗೆಗೆ ಎಂದಿದ್ದರು. ಮೊಸಳೆಯಲ್ಲಿದ್ದ ತುಂಡು ಹೊಲ ಮನೆಗೆ ರಾಗಿ ಕೊಡುತ್ತಿತ್ತೇ ಹೊರತು ಇನ್ಸುಲಿನ್ ಕೊಡುತ್ತಿರಲಿಲ್ಲ. ಇದೆಲ್ಲ ದೇವಯ್ಯನಿಗೆ ಗೊತ್ತಿತ್ತು. ಅವನ ಕೋಪಕ್ಕೆ ಮಾತ್ರ ಗೊತ್ತಿರಲಿಲ್ಲ.

ಆಚೆಗಿದ್ದ ಕಾಲನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡ.

ಬಿಟ್ಟುಹೋದ ದಿನವೇ ದೇವಯ್ಯ ವಾಪಸ್ ಬಂದದ್ದನ್ನು ಫ್ಯಾಕ್ಟರಿ ಯಾವತ್ತೂ ಕಂಡಿರಲಿಲ್ಲ. ಭಾಗ್ಯಲಕ್ಷ್ಮಿಯ ಕೈಯಲ್ಲಿದ್ದ ಈರುಳ್ಳಿ ಜಾರಿ ಉರುಳಿತು.

“ಯಾಕ್ ದೇವಣ್ಣ, ಬಸ್ ಸಿಗ್ನಿಲ್ವಾ?”

ದೇವಯ್ಯ ಟವೆಲ್ಲನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡ. ಶಶಿಕಿರಣ್ ಎದೆಯ ಮೇಲೆ ಕೈಕಟ್ಟಿ ಕಾಯುತ್ತಿದ್ದ. “ತೆಪ್ಪಾತು ಸಾ,” ಎಂದು ದೇವಯ್ಯ ಕೊಪ್ಪರಿಗೆಯ ಕಡೆಗೆ ಮುಖ ಮಾಡಿ ಹೇಳಿದ. ಶಶಿಕಿರಣ್ ಅದನ್ನು ತನಗೇ ಹೇಳಿದ್ದು ಎಂದುಕೊಂಡ.

ಸಂಜೆ ಸುದ್ದಿ ಅವನಿಗಿಂತ ಮುಂಚೆಯೇ ಮನೆ ಮುಟ್ಟಿತ್ತು. ನಂಜಮ್ಮನಿಗೆ ಧನ್ಯಾ ಫೋನು ಮಾಡಿದ್ದಳು.

“ಒಂದು ತಿಂಗ್ಳು ಬಾಯಿ ಮುಚ್ಕೊಂಡಿರಕ್ಕೆ ಆಗಾಕಿಲ್ವಾ ನಿಂಗೆ?”

“ಆಯ್ತದೆ.”

“ಆಗಾಕಿಲ್ಲ. ನಮ್ಮ ಮದುವೇಲೇ ಪಾಯಸ ಸೀದೋಯ್ತು ಅಂತ ಅಡುಗೆಯೋರ ಮ್ಯಾಲೆ ಸಟ್ಟುಗ ಎತ್ಕೊಂಡು ಓದೋನು ನೀನು. ಇಬ್ರು ರಟ್ಟೆ ಇಡ್ಕೊಂಡು ನಿಲ್ಸಿ ತಾಳಿ ಕಟ್ಸುದ್ರು.”

“ಪಾಯಸ ಸೀದಿತ್ತು ಕಣಮ್ಮಿ.”

“ಸೀದಿತ್ತು. ಯಾರು ಇಲ್ಲ ಅಂದೋರು? ಅರಕಲಗೂಡಿಂದ ಬಂದಿದ್ದ ನಮ್ಮೋರೆಲ್ಲ ಇವತ್ತಿಗೂ ಅದುನ್ನೇ ಆಡ್ಕತಾರೆ.” ನಂಜಮ್ಮ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗಂಡನನ್ನು ನೋಡಿದಳು. ಆಮೇಲೆ ಇನ್ನೊಂದು ಕಣ್ಣನ್ನು ಮುಚ್ಚಿ ನೋಡಿದಳು. “ಆಪ್ರೇಸನ್ ಆಗಿರೋ ಕಣ್ಣಲ್ಲಿ ನೋಡುದ್ರೆ ನಿನ್ನ ಮೂಗಿನ ತುದಿ ಸಿಟ್ಟೂ ಕಾಣ್ತದೆ. ಪೊರೆ ಇರೋ ಕಣ್ಣಲ್ಲಿ ನೋಡುದ್ರೆ ಯಾರೋ ಸಾದು ಮನ್ಸ ಬಂದು ಕೂತವ್ನೆ ಅನ್ಸತದೆ. ಇದುನ್ನೂ ತೆಗುಸ್ಬೇಕೋ ಬ್ಯಾಡ್ವೋ ಅಂತ ಯೋಚ್ನೆ ಮಾಡ್ತಾ ಇವ್ನಿ.”

ದೇವಯ್ಯ ಸೂಜಿ ಎತ್ತಿಕೊಂಡ. ಸೂಜಿಯ ಗೆರೆಗಳು ಅವಳ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಔಷಧಿ ಎಳೆದುಕೊಡುವುದು ಅವನ ಕೆಲಸ. ದೀಪದ ಹತ್ತಿರ ಹಿಡಿದು, ಗೆರೆ ನೋಡಿ, ಗುಳ್ಳೆ ಹೋಗುವ ಹಾಗೆ ಉಗುರಿನಿಂದ ತಟ್ಟಿ ಕೊಟ್ಟ. ಅವಳು ಸೆರಗು ಸರಿಸಿ ಚುಚ್ಚಿಕೊಂಡಳು. ಆ ಹೊತ್ತಿನಲ್ಲಿ ಅವನು ಯಾವಾಗಲೂ ಗೋಡೆಯ ಕಡೆ ನೋಡುತ್ತಿದ್ದ.

“ಮಾಲೆ ಆಕ್ಕೊ,” ಎಂದಳು ನಂಜಮ್ಮ, ಸೂಜಿ ತೆಗೆಯುತ್ತ.

“ಯಾವ ಮಾಲೆ?”

“ಅಯ್ಯಪ್ಪನ್ದು. ಈಗ ಎಲ್ಲಾರೂ ಆಕೋ ಕಾಲವೇಯ. ಕತ್ತಲ್ಲಿ ಮಾಲೆ ಇದ್ರೆ ಸಿಟ್ಟು ಮಾಡಂಗಿಲ್ಲ. ನೀನು ನನ್ನ ಮಾತು ಕೇಳಾಕಿಲ್ಲ, ಮ್ಯಾನೇಜರಿಗೆ ಎದ್ರಾಕಿಲ್ಲ. ದೇವ್ರಿ​ಗಾದ್ರೂ ಎದ್ರುತೀಯ.”

ಇದು ನಿಜ. ಊರಿನ ಗಂಡಸರು ವರ್ಷ ವರ್ಷ ಶಬರಿಮಲೆಗೆ ಹೋದರೂ ದೇವಯ್ಯ ಒಮ್ಮೆಯೂ ಮಾಲೆ ಹಾಕಿರಲಿಲ್ಲ. ತಣ್ಣೀರ ಸ್ನಾನಕ್ಕಲ್ಲ, ನೆಲದ ಮೇಲೆ ಮಲಗುವುದಕ್ಕಲ್ಲ. ಕೋಪ ಮಾಡಬಾರದು ಎನ್ನುವ ಆ ಒಂದು ನೇಮಕ್ಕೆ ಅವನು ಹೆದರಿದ್ದ. ದೇವರಿಗೆ ಮಾತು ಕೊಟ್ಟು ತಪ್ಪಿದರೆ ಏನಾಗುತ್ತದೋ ಎಂಬ ಭಯ ಅವನ ಒಳಗೆ ಕಲ್ಲಿನ ಹಾಗೆ ಕೂತಿತ್ತು.

ಊರಿನ ಗುರುಸ್ವಾಮಿ ರುದ್ರಯ್ಯ, ಮಾಲೆ ಹಾಕಿಸಿ ಜನರನ್ನು ಶಬರಿಮಲೆಗೆ ಕರೆದುಕೊಂಡು ಹೋಗುವವನು, ವಿಷಯ ಕೇಳಿ ಗಡ್ಡ ಕೆರೆದುಕೊಂಡ.

“ಲೇ ದೇವಾ, ಇದು ಅಯ್ಯಪ್ಪನ ಮಾಲೆ ಕಣ್ಲಾ. ಬಿ.ಪಿ. ಮಾತ್ರೆ ಅಲ್ಲ.”

“ಗೊತ್ತು ಕಣ್ ರುದ್ರಣ್ಣ.”

“ಭಕ್ತಿ ಐತಾ?”

“ಬಯ ಐತೆ.”

ರುದ್ರಯ್ಯ ಸ್ವಲ್ಪ ಯೋಚಿಸಿದ. “ಅದೂ ಆಯ್ತದೆ, ಬಾ,” ಎಂದ. ಮರುದಿನ ಬೆಳಿಗ್ಗೆ ದೇವಸ್ಥಾನದ ಮುಂದೆ ಮಾಲೆ ಹಾಕಿ ಹೇಳಿದ: “ಇನ್ನು ಮ್ಯಾಲೆ ನೀನೂ ಸ್ವಾಮಿ, ಎದುರಿಗೆ ಬರೋ ಗಂಡಸ್ರೆಲ್ಲಾ ಸ್ವಾಮಿ, ಎಂಗಸ್ರೆಲ್ಲಾ ಮಾತೆ. ಬೈಯಂಗಿಲ್ಲ, ಗದರಂಗಿಲ್ಲ, ಸುಳ್ಳು ಯೋಳಂಗಿಲ್ಲ, ದನಿ ಏರ್ಸಂಗಿಲ್ಲ.”

“ನಮ್ಮ ಮ್ಯಾನೇಜರೂ ಸ್ವಾಮಿನಾ?”

“ಅವ್ರೂ ಸ್ವಾಮಿನೇಯ.”

ದೇವಯ್ಯ ಕಣ್ಣು ಮುಚ್ಚಿಕೊಂಡ. ರುದ್ರಯ್ಯ ಅದನ್ನು ಧ್ಯಾನ ಎಂದುಕೊಂಡ.

ಕಪ್ಪು ಪಂಚೆ, ಕಪ್ಪು ಅಂಗಿ, ಹಣೆಗೆ ಗಂಧ, ಬರಿಗಾಲು. ಹೀಗೆ ದೇವಯ್ಯ ಕ್ಯಾಂಟೀನಿಗೆ ಬಂದಾಗ ಭಾಗ್ಯಲಕ್ಷ್ಮಿ ಯಾರೋ ಚಂದಾ ಎತ್ತಲು ಬಂದಿದ್ದಾರೆಂದು ತಿಳಿದು, “ಆಫೀಸಲ್ಲಿ ಕೇಳಿ ಓಗಿ,” ಎಂದಳು. ಮುಖ ನೋಡಿದ ಮೇಲೆ ಬಾಯಿಗೆ ಸೆರಗು ತುರುಕಿಕೊಂಡಳು. ಬರಿಗಾಲಿನ ಬಗ್ಗೆ ಶಶಿಕಿರಣ್ ಏನೋ ಹೇಳಲು ಬಾಯಿ ತೆರೆದ. ಆದರೆ ಆಫೀಸಿನಲ್ಲೇ ಆಗಲೇ ಮೂವರು ಮಾಲೆ ಹಾಕಿ ಬರಿಗಾಲಲ್ಲಿ ಓಡಾಡುತ್ತಿದ್ದರಿಂದ ಮುಚ್ಚಿಕೊಂಡ.

ಭಾಗ್ಯಲಕ್ಷ್ಮಿ ಒಂದು ಗಂಟೆ ತಡೆದುಕೊಂಡಳು. ಆಮೇಲೆ ಅವಳಿಂದ ಆಗಲಿಲ್ಲ.

“ಸ್ವಾಮಿ, ಸಾರಿಗೆ ಉಪ್ಪು ಜಾಸ್ತಿ ಆಗದೆ ಸ್ವಾಮಿ.”

ದೇವಯ್ಯನ ಕಿವಿ ಕೆಂಪಾಯಿತು. ಕೈ ಸಟ್ಟುಗದ ಕಡೆ ಹೋಗಿ, ಅಲ್ಲಿಂದ ಕತ್ತಿನ ಮಾಲೆಗೆ ಬಂತು.

“ಸರಿ ಮಾತೆ. ನೀರು ಬೆರ್ಸಣ ಮಾತೆ.”

ಭಾಗ್ಯಲಕ್ಷ್ಮಿ ಸಾಮಾನಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅಕ್ಕಿ ಮೂಟೆಯ ಮೇಲೆ ಬಿದ್ದು ನಕ್ಕಳು. ಮಧ್ಯಾಹ್ನದ ಊಟಕ್ಕೆ ಬೆಲ್ ಹೊಡೆಯುವ ಹೊತ್ತಿಗೆ ವಿಷಯ ಹೊಲಿಗೆ ಹಾಲಿಗೆಲ್ಲ ಹಬ್ಬಿತ್ತು. ಹುಡುಗಿಯರು ತಟ್ಟೆ ಹಿಡಿದು ಸಾಲಾಗಿ ಬಂದರು, ಹಸಿವಿಗಿಂತ ಹೆಚ್ಚಾಗಿ ಆ ‘ಮಾತೆ’ ಕೇಳಲು.

“ಸ್ವಾಮಿ, ಅನ್ನ ಮುದ್ದೆಯಾಗದೆ.”

“ಸರಿ ಮಾತೆ.”

“ಸ್ವಾಮಿ, ಮುದ್ದೆ ಅನ್ನದಂಗದೆ.”

“ಸರಿ ಮಾತೆ.”

ಒಬ್ಬಳು ಹಳೇ ಲೆಕ್ಕವನ್ನೇ ತಂದಳು. “ಓದ್ ವರ್ಸ ನನ್ನ ತಟ್ಟೆ ಕಿತ್ಕೊಂಡು ಕಳ್ಸುದ್ರಲ್ಲ, ಯಾಕೆ ಸ್ವಾಮಿ?”

“ಅನ್ನ ಚೆಲ್ಲುದ್ರಿ ಮಾತೆ.”

“ಚೆಲ್ಲಿದ್ದು ನಾನಲ್ಲ, ಶಾಂತಿ.”

“ಅಂಗಾದ್ರೆ ತೆಪ್ಪಾತು ಮಾತೆ.” ಹಿಂದೆ ನಿಂತಿದ್ದ ಶಾಂತಿ ಮೆಲ್ಲಗೆ ಸಾಲು ಬಿಟ್ಟು ಕೊನೆಗೆ ಹೋದಳು.

ಸಿಟ್ಟು ಗಂಟಲಿಗೆ ಬಂದಾಗಲೆಲ್ಲ ದೇವಯ್ಯ “ಸ್ವಾಮಿಯೇ ಶರಣಂ ಅಯ್ಯಪ್ಪ” ಎನ್ನುತ್ತಿದ್ದ. ಸ್ವಲ್ಪ ಸಿಟ್ಟಿಗೆ ಮೆಲ್ಲಗೆ, ಹೆಚ್ಚು ಸಿಟ್ಟಿಗೆ ಗಟ್ಟಿಯಾಗಿ. ಕೆಲವೇ ದಿನಗಳಲ್ಲಿ ಅಡುಗೆಮನೆಯವರಿಗೆ ಇದರ ಅಳತೆ ಸಿಕ್ಕಿಬಿಟ್ಟಿತು. “ಇವತ್ತು ಶರಣಂ ಜೋರಾಗದೆ, ಅತ್ರ ಓಗ್ಬ್ಯಾಡಿ,” ಎಂದು ಭಾಗ್ಯಲಕ್ಷ್ಮಿ ತರಕಾರಿ ತರುವವನನ್ನೂ ಎಚ್ಚರಿಸುತ್ತಿದ್ದಳು. ಶಶಿಕಿರಣ್ ಒಬ್ಬನಿಗೆ ಇದೊಂದೂ ತಿಳಿಯಲಿಲ್ಲ. ಅವನು ಬಂದಾಗಲೇ ಶರಣಂ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು. ತನ್ನನ್ನು ಕಂಡರೆ ದೇವಯ್ಯನಿಗೆ ಭಕ್ತಿ ಉಕ್ಕುತ್ತದೆ ಎಂದೇ ಅವನು ನಂಬಿದ್ದ. “ಒಳ್ಳೆಯ ಮಾತಿಗೆ ಮನುಷ್ಯ ಬದಲಾಗ್ತಾನೆ ನೋಡಿ ಧನ್ಯಾ,” ಎನ್ನುತ್ತಿದ್ದ. ಧನ್ಯಾ ಕಂಪ್ಯೂಟರಿನೊಳಗೆ ಮುಖ ಇಡುತ್ತಿದ್ದಳು.

ತಿಂಗಳ ನಡುವೆ ಒಂದು ದಿನ ಲಾರಿಯಲ್ಲಿ ಮುದ್ದೆ ಮಿಷಿನ್ ಬಂತು.

ಸ್ಟೀಲಿನದು, ಮಿರಮಿರ ಮಿನುಗುತ್ತಿತ್ತು. ಮೇಲೆ ಹಿಟ್ಟು ನೀರು ಸುರಿದು ಬಟನ್ ಒತ್ತಿದರೆ ಕೆಳಗಿನ ಕೊಳವೆಯಿಂದ ಮುದ್ದೆ ಒಂದೊಂದಾಗಿ ಬೀಳುತ್ತದೆ ಎಂದು ಶಶಿಕಿರಣ್ ವಿವರಿಸಿದ. ಪೂಜೆಗೆ ತೆಂಗಿನಕಾಯಿ ಒಡೆಯಲು ದೇವಯ್ಯನನ್ನೇ ಕರೆದ. ಹಿರಿಯರು, ಅದರಲ್ಲೂ ಮಾಲೆ ಹಾಕಿದವರು. ದೇವಯ್ಯ ಕಾಯಿ ಒಡೆದ. ಅಷ್ಟು ಜೋರಾಗಿ ಕಾಯಿ ಒಡೆದದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಒಂದು ಹೋಳು ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕಿತು.

ಬಟನ್ ಒತ್ತಿದರು. ಮಿಷಿನ್ ಗುರ್ರೆಂದು, ತಡೆದು, ಒಂದು ಮುದ್ದೆ ಹಾಕಿತು. ಇನ್ನೊಂದು ಹಾಕಿತು. ಎಲ್ಲಕ್ಕೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ಮುಖ. ಒಂದು ಕೆಳಗೆ ಬಿದ್ದು ಮೇಜಿನಡಿಗೆ ಉರುಳಿಕೊಂಡು ಹೋಯಿತು, ಆದರೂ ಚಪ್ಪಟೆಯಾಗಲಿಲ್ಲ. ದೇವಯ್ಯ ಒಂದನ್ನು ಮುರಿದು ನೋಡಿದ. ಹೊರಗೆ ಬೆಂದಿತ್ತು, ಒಳಗೆ ಹಿಟ್ಟು ಹಿಟ್ಟಾಗಿಯೇ ಕೂತಿತ್ತು.

“ಹೇಗಿದೆ ದೇವಯ್ಯಸ್ವಾಮಿ?” ಎಂದ ಶಶಿಕಿರಣ್.

ಎಲ್ಲರೂ ದೇವಯ್ಯನ ಬಾಯಿ ನೋಡಿದರು. ಬೈಯುವಂತಿಲ್ಲ. ಚೆನ್ನಾಗಿದೆ ಎಂದು ಸುಳ್ಳು ಹೇಳುವಂತೆಯೂ ಇಲ್ಲ. ದೇವಯ್ಯನ ಹಣೆಯಲ್ಲಿ ಗಂಧ ಬೆವರಿನ ಜೊತೆ ಇಳಿಯಿತು.

“ದುಂಡುಗೈತೆ ಸ್ವಾಮಿ,” ಎಂದ.

ಮನೆಗೆ ಬಂದಾಗ ನಂಜಮ್ಮ ಬಾಗಿಲಲ್ಲೇ ಕೇಳಿದಳು. “ಬೈದ್ಯಾ?”

“ಇಲ್ಲ. ದುಂಡುಗೈತೆ ಅಂದೆ.”

ನಂಜಮ್ಮ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಅವನು ಆ ಮಾತು ಆಡಲು ಎಷ್ಟು ಕಷ್ಟಪಟ್ಟಿರಬೇಕು ಎಂದು ಗೊತ್ತಿದ್ದವಳು ಅವಳೊಬ್ಬಳೇ. “ಕಾಲು ತೊಳ್ಕೊ, ಬಾ,” ಎಂದಳು. “ಇನ್ನೇನು, ತಿಂಗ್ಳು ಮುಗೀತಾ ಬಂತು.”

ಅಂತೂ ಮುಗಿಯಿತು. ಡಿಸೆಂಬರಿನ ಕೊನೆಯ ದಿನ ಊಟಕ್ಕೆ ಮುಂಚೆ ಕ್ಯಾಂಟೀನ್ ಹಾಲಿನಲ್ಲೇ ಬೀಳ್ಕೊಡುಗೆ ಇಟ್ಟರು. ನಂಜಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಧನ್ಯಾ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೈಯಲ್ಲಿದ್ದ ಪತ್ರ ತೋರಿಸಿದಳು. ದೇವಯ್ಯ ವಯಸ್ಸಾಗಿ ನಿವೃತ್ತನಾದ ಎಂದು ಕಂಪನಿ ಕೊಡುವ ಪತ್ರ, ಇ.ಎಸ್.ಐ. ಆಫೀಸಿಗೆ ಕೊಡಬೇಕಾದದ್ದು. ಇನ್ನು ಶಶಿಕಿರಣನ ಸಹಿ ಒಂದೇ ಬಾಕಿ.

ದೇವಯ್ಯನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಶಶಿಕಿರಣ್ ಮೈಕು ಹಿಡಿದ.

“ದೇವಯ್ಯನವರಷ್ಟು ತಾಳ್ಮೆಯ ಮನುಷ್ಯನನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ.”

ಹಿಂದಿನ ಸಾಲಿನಲ್ಲಿ ಯಾರಿಗೋ ಕೆಮ್ಮು ಬಂತು. ಆ ಕೆಮ್ಮು ಸಾಲಿನಿಂದ ಸಾಲಿಗೆ ಹರಡಿತು.

“ಇಂಥವರನ್ನು ಕಳೆದುಕೊಳ್ಳೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ಯಾರಿಗೂ ಹೇಳದೆ ಹೆಡ್ ಆಫೀಸಿನಲ್ಲಿ ಮಾತಾಡಿದ್ದೀನಿ. ದೇವಯ್ಯನವರು ಇವತ್ತು ರಿಟೈರಾಗೋದಿಲ್ಲ. ಇನ್ನೂ ಒಂದು ವರ್ಷ ನಮ್ಮ ಜೊತೆಗೇ ಇರ್ತಾರೆ. ಮುದ್ದೆ ಮಿಷಿನ್ ಪೂರ್ತಿ ಅವರ ಉಸ್ತುವಾರಿಯಲ್ಲಿ.”

ಚಪ್ಪಾಳೆ ಬಿತ್ತು. ಧನ್ಯಾಳ ಕೈಯಲ್ಲಿದ್ದ ಪತ್ರ ಮಡಿಲಿಗೆ ಇಳಿಯಿತು.

“ಅಂಗಂದ್ರೇನವ್ವ?” ಎಂದಳು ನಂಜಮ್ಮ.

“ಇನ್ನೊಂದು ವರ್ಷ ಕೆಲಸ ಅಂತ ಆಂಟಿ. ಅಲ್ಲಿವರೆಗೆ ಕಾರ್ಡು ನಡೀತದೆ. ಆದ್ರೆ ಮಧ್ಯದಲ್ಲಿ ಬಿಟ್ಟುಹೋಗಂಗಿಲ್ಲ.”

“ಸಂಕ್ರಾಂತಿಗೆ ಸಬರಿಮಲೆಗೆ ಓಗಿ ಬತ್ತಾನೆ, ಮಾಲೆ ಇಳೀತದೆ. ಆಮೇಲೆ ಎಳ್ಳು ಬೆಲ್ಲ ಕಾಲಿಯಾಗೋ ಗಂಟವಾದ್ರೂ ಇವ್ನು ಇಲ್ಲಿ ನಿಲ್ತಾನಾ ಯೋಳವ್ವ.” ನಂಜಮ್ಮನ ಕೈ ತಾನಾಗಿಯೇ ಹೊಟ್ಟೆಯ ಮೇಲೆ, ಸೂಜಿ ಚುಚ್ಚಿಕೊಳ್ಳುವ ಜಾಗಕ್ಕೆ ಹೋಗಿತ್ತು.

ದೇವಯ್ಯನೂ ಅದೇ ಲೆಕ್ಕ ಹಾಕುತ್ತಿದ್ದ. ಮಾಲೆ ಇರುವಾಗಲೇ ಒಂದೊಂದು ದಿನವೂ ಕೆಂಡ ನುಂಗಿದ ಹಾಗೆ ಆಗಿತ್ತು. ಬರಿ ಕತ್ತಿನಲ್ಲಿ ಒಂದು ವರ್ಷ, ಈ ಮನುಷ್ಯನ ಎದುರು, ಆ ಮಿಷಿನ್ನಿನ ಪಕ್ಕ. ತನ್ನನ್ನು ತಾನು ಬಲ್ಲವನು ಅವನು.

“ಬ್ಯಾಡ ಸ್ವಾಮಿ,” ಎಂದ. “ನನ್ನ ಬುಟ್ಬುಡಿ ಸ್ವಾಮಿ.”

“ನೋಡಿ, ಎಷ್ಟು ವಿನಯ,” ಎಂದ ಶಶಿಕಿರಣ್. ಮತ್ತೆ ಚಪ್ಪಾಳೆ.

“ನಂಗೆ ವಯಸ್ಸಾತು ಸ್ವಾಮಿ. ಕೈಲಾಗಾಕಿಲ್ಲ ಸ್ವಾಮಿ.”

“ನೀವೇನೂ ಮಾಡಬೇಡಿ. ಮಿಷಿನ್ ಪಕ್ಕ ಕುರ್ಚಿ ಹಾಕ್ಕೊಂಡು ಸುಮ್ಮನೆ ಕೂತಿರಿ. ಬಟನ್ ಒತ್ತಿ, ಸಾಕು. ಆ ಹಳೇ ಕೋಲನ್ನ ಗುಜರಿಗೆ ಹಾಕಿಬಿಡೋಣ.”

ದೇವಯ್ಯ ಗಟ್ಟಿಯಾಗಿ ಶರಣಂ ಎಂದ. ಅಡುಗೆಮನೆಯವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಆಗ ನಂಜಮ್ಮ ಮುಂದಿನ ಸಾಲಿನಲ್ಲಿ ಎದ್ದು ನಿಂತಳು. ತಿಂಗಳಿಡೀ ಬಾಯಿ ಮುಚ್ಚು, ಬಾಯಿ ಮುಚ್ಚು ಎಂದು ಹೇಳಿಕೊಂಡು ಬಂದಿದ್ದವಳು ಅವಳೇ. “ದಿಟ ಯೋಳ್ಬುಡು ಕಣಯ್ಯ,” ಎಂದಳು. “ದನಿ ಏರ್ಸ್ದೆ ದಿಟ ಯೋಳುದ್ರೆ ಅದೇನ್ ಸಿಟ್ಟಲ್ಲ.”

ದೇವಯ್ಯ ಹೆಂಡತಿಯನ್ನು ನೋಡಿದ. ಮೈಕು ತೆಗೆದುಕೊಂಡ. ಅವನ ದನಿ ದೇವಸ್ಥಾನದಲ್ಲಿ ಮಾತಾಡುವವರ ದನಿಯಷ್ಟೇ ಇತ್ತು.

“ಸ್ವಾಮಿ, ಆ ಮಿಷಿನ್ ಮುದ್ದೆ ಒಳಗೆ ಅಸಿ ಇರ್ತದೆ ಸ್ವಾಮಿ. ಈ ಮಾತೆಯರೆಲ್ಲ ಅದುನ್ನ ಬಕೆಟ್ಟಿಗೆ ಆಕಿ, ಮನೆಯಿಂದ ತಂದ ಡಬ್ಬಿಲಿ ಉಣ್ತಾವ್ರೆ ಸ್ವಾಮಿ. ಗೇಟತ್ರ ಇರೋ ನಾಯಿಗೆ ಒಂದು ಆಕ್ದೆ ಸ್ವಾಮಿ. ಮೂಸಿ ನೋಡ್ತು, ಅದುರ್ ಮ್ಯಾಲೆ ಕಾಲೆತ್ತಿ ಓಯ್ತು ಸ್ವಾಮಿ.”

ಹಾಲಿನಲ್ಲಿ ಒಂದು ನಗು ಸಿಡಿದು ಸುಮ್ಮನಾಯಿತು.

“ನಿಮ್ದೇನೂ ತೆಪ್ಪಿಲ್ಲ ಸ್ವಾಮಿ. ನೀವು ಮುದ್ದೆ ಜಗಿಯೋರು. ಜಗಿಯೋರ್ಗೆ ಅಸಿದೂ ಒಂದೇ ಬೆಂದಿದ್ದೂ ಒಂದೇ. ಇನ್ನ ನಾನು ತಾಳ್ಮೆಯೋನು ಅಂದ್ರಿ. ಅದು ಸುಳ್ಳು ಸ್ವಾಮಿ. ನಿಮ್ಮ ಮಕ ನೋಡ್ದಾಗ್ಲೆಲ್ಲ ನನ್ನ ಒಟ್ಟೆಲಿ ಎಸ್ರು ಮರಳ್ತಿತ್ತು. ಶರಣಂ ಅಂತಿದ್ನಲ್ಲ, ಅದು ನಿಮ್ಮನ್ನ ಕಾಪಾಡಪ್ಪ ಅಂತ, ನನ್ನ ಕೈಯಿಂದ. ಇಲ್ಲಿರೋರ್ಗೆಲ್ಲ ಗೊತ್ತು ಸ್ವಾಮಿ. ನಿಮಗೊಬ್ರಿಗೇ ಗೊತ್ತಿರ್ನಿಲ್ಲ.”

ಈಗ ನಗುವನ್ನು ಯಾರೂ ತಡೆಯಲಿಲ್ಲ. ಭಾಗ್ಯಲಕ್ಷ್ಮಿ ಪಕ್ಕದವಳ ಹೆಗಲಿಗೆ ತಲೆ ಕೊಟ್ಟುಬಿಟ್ಟಿದ್ದಳು.

“ಏನಂದ್ರಿ?” ಎಂದ ಶಶಿಕಿರಣ್. ಅವನ ಕಿವಿ ಕೆಂಪಾಗಿತ್ತು.

“ಇನ್ನೊಂದ್ಸಲ ಯೋಳ್ಲಾ ಸ್ವಾಮಿ? ಅಸಿ ಇರ್ತದೆ ಅನ್ನೋದ್ರಿಂದಾನಾ, ನಾಯಿಯಿಂದಾನಾ?”

“ಸಾಕು ನಿಲ್ಸಿ.” ಶಶಿಕಿರಣನ ಕೂಗು ಮೈಕಿಲ್ಲದೆಯೇ ಹೊಲಿಗೆ ಹಾಲಿನವರೆಗೆ ಮುಟ್ಟಿತು. “ಎಕ್ಸ್‌ಟೆನ್ಷನ್ನೂ ಇಲ್ಲ, ಏನೂ ಇಲ್ಲ. ಇಂಥವರು ಇನ್ನು ಒಂದು ದಿನವೂ ನನ್ನ ಕ್ಯಾಂಟೀನಿನಲ್ಲಿ ಇರಕೂಡದು. ಧನ್ಯಾ, ಇವರನ್ನ ಇವತ್ತೇ ರಿಟೈರ್ ಮಾಡಿ. ಇವತ್ತೇನು, ಈಗಲೇ.”

ಧನ್ಯಾ ಆಗಲೇ ಅವನ ಮೊಣಕೈ ಹತ್ತಿರ ಪತ್ರ, ಪೆನ್ನು ಹಿಡಿದು ನಿಂತಿದ್ದಳು. “ಇಲ್ಲಿ ಸರ್. ಸೀಲು ಹಾಕಿದ್ದೀನಿ ಸರ್.”

ಶಶಿಕಿರಣ್ ಕಾಗದ ಹರಿಯುವ ಹಾಗೆ ಸಹಿ ಎಳೆದ. ದೇವಯ್ಯ ಪತ್ರ ತೆಗೆದುಕೊಂಡು ದೂರ ಹಿಡಿದು ನೋಡಿದ.

“ಯಾಕೆ ಬುಟ್ಟ ಅಂತ ಬರ್ದೈತೆ ಮಾತೆ?”

“ವಯೋನಿವೃತ್ತಿ ಅಂತ ಸ್ವಾಮಿ.”

“ಸಿಟ್ಟು ಅಂತ ಎಲ್ಲೂ ಇಲ್ವಲ್ಲ?”

“ಅದಕ್ಕೆ ಜಾಗ ಇಲ್ಲ ಸ್ವಾಮಿ ಇದರಲ್ಲಿ.”

ದೇವಯ್ಯ ಪೇಟ ತೆಗೆದು ಕುರ್ಚಿಯ ಮೇಲಿಟ್ಟ. ಹಣ್ಣಿನ ಬುಟ್ಟಿಯನ್ನು ಭಾಗ್ಯಲಕ್ಷ್ಮಿಯ ಮಡಿಲಿಗೆ ಕೊಟ್ಟ. ಶಶಿಕಿರಣನಿಗೆ ಎರಡೂ ಕೈ ಎತ್ತಿ ಮುಗಿದ. ಅದು ವ್ಯಂಗ್ಯವೋ ನಿಜವೋ ಎಂದು ಅಲ್ಲಿದ್ದವರು ಇವತ್ತಿಗೂ ಜಗಳ ಆಡುತ್ತಾರೆ. ಆಮೇಲೆ ನಂಜಮ್ಮನ ತೋಳು ಹಿಡಿದು ಬಾಗಿಲ ಕಡೆ ನಡೆದ. ಅವಳಿಗೆ ಮೆಟ್ಟಿಲಿನ ಅಂಚು ಸರಿಯಾಗಿ ಕಾಣುತ್ತಿರಲಿಲ್ಲ. “ಮೆಲ್ಲಗೆ,” ಎಂದ, “ಇನ್ನೊಂದು ಐತೆ.”

ಸ್ವಲ್ಪ ಹೊತ್ತಿಗೆ ಶಶಿಕಿರಣನ ತಲೆ ತಣ್ಣಗಾಯಿತು. ಹೆಡ್ ಆಫೀಸಿಗೆ ಬೀಳ್ಕೊಡುಗೆಯ ಫೋಟೊ ಕಳಿಸಬೇಕು, ಅದರಲ್ಲಿ ರಿಟೈರಾದವನೇ ಇಲ್ಲದಿದ್ದರೆ ಹೇಗೆ? ಕರೆದುಕೊಂಡು ಬಾ ಎಂದು ಭಾಗ್ಯಲಕ್ಷ್ಮಿಯನ್ನು ಅಟ್ಟಿದ. ಅವಳು ಏದುಸಿರು ಬಿಡುತ್ತ ಗೇಟಿಗೆ ಬರುವಾಗ ದೇವಯ್ಯ ರಸ್ತೆಯ ಆಚೆ ಬದಿಯಲ್ಲಿ ನಂಜಮ್ಮನನ್ನು ಆಟೋಗೆ ಹತ್ತಿಸುತ್ತಿದ್ದ.

“ದೇವಣ್ಣ, ಫೋಟೊಕ್ಕೆ ಕರೀತಾವ್ರೆ. ಸಿಟ್ಟು ಇಳುದದಂತೆ, ಬರ್ಬೇಕಂತೆ.”

“ಅವ್ರೇ ನಿಂತ್ಕಳ್ಳಿ ಮಾತೆ. ಇ.ಎಸ್.ಐ. ಆಫೀಸಿನೋರು ಊಟಕ್ಕೆ ಏಳೋಕೆ ಮುಂಚೆ ನಾವು ಅಲ್ಲಿರ್ಬೇಕು.”

ದೇವಯ್ಯ ಹೆಂಡತಿಯ ಪಕ್ಕ ಕೂತು, ಪತ್ರವನ್ನು ಗಾಳಿಗೆ ಹಾರದ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡ. ಆಟೋ ಹೊರಟು ಎನ್.ಆರ್. ಸರ್ಕಲ್ ಕಡೆ ತಿರುಗಿತು. ಭಾಗ್ಯಲಕ್ಷ್ಮಿ ಸ್ವಲ್ಪ ಹೊತ್ತು ಗೇಟಿನಲ್ಲೇ ನಿಂತಿದ್ದಳು, ಅಭ್ಯಾಸಬಲದಿಂದ. ದೇವಯ್ಯ ಬರಲಿಲ್ಲ. ಮಾರನೆಯ ಬೆಳಿಗ್ಗೆಯೂ ಬರಲಿಲ್ಲ.